ನೆಲಕುಸಿತದ ಅಧ್ಯಯನದಲ್ಲಿ ತಜ್ಞರ ಸಹಯೋಗ

ನೆಲಕುಸಿತ ಎಂದರೆ ಭೂಮಿಯ ಮೇಲ್ಮೈ ತಾನಿದ್ದ ಮಟ್ಟದಿಂದ ಕೆಳಕ್ಕೆ ಇಳಿಯುವುದು. ಇಳಿಜಾರಿನಲ್ಲಿ ಮಣ್ಣು, ಬಂಡೆಗಳು ಜಾರಿ ಬೀಳುವ ಭೂಕುಸಿತಕ್ಕಿಂತ ಇದು ಭಿನ್ನವಾದುದು. ಹೆಚ್ಚಿನ ಕಡೆ ವರ್ಷಕ್ಕೆ ಕೆಲವು ಮಿಲಿಮೀಟರು ಅಥವಾ ಸೆಂಟಿಮೀಟರುಗಳಷ್ಟು ನಿಧಾನವಾಗಿ ನಡೆಯುವುದರಿಂದ, ಗೋಡೆ ಬಿರಿಯುವವರೆಗೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಅಂತರ್ಜಲದ ಅತಿಬಳಕೆ, ತೈಲ ಮತ್ತು ಅನಿಲಗಳ ಹೊರತೆಗೆತ, ಗಣಿಗಾರಿಕೆ, ಸುಣ್ಣಕಲ್ಲಿನ ಕರಗುವಿಕೆ ಇದರ ಮುಖ್ಯ ಕಾರಣಗಳು.

ಒಂದೇ ಶಾಸ್ತ್ರದಿಂದ ಇದನ್ನು ಅರಿಯಲಾಗದು. ನೆಲ ಎಷ್ಟು ಇಳಿದಿದೆ ಎಂಬುದನ್ನು ಭೂಮಾಪನ ತಜ್ಞರು ಹೇಳಬಲ್ಲರು; ಉಪಗ್ರಹದ ರೇಡಾರ್ ಚಿತ್ರಗಳನ್ನು ಹೋಲಿಸಿ ಇಂದು ಇದನ್ನು ಸೂಕ್ಷ್ಮವಾಗಿ ಅಳೆಯಲಾಗುತ್ತದೆ. ಆದರೆ ಏಕೆ ಇಳಿಯಿತು ಎಂಬುದಕ್ಕೆ ಉಪಗ್ರಹದಲ್ಲಿ ಉತ್ತರವಿಲ್ಲ. ಅದಕ್ಕೆ ಜಲಭೂವಿಜ್ಞಾನಿ, ಮಣ್ಣಿನ ಯಂತ್ರಶಾಸ್ತ್ರ ಬಲ್ಲವರು, ಸ್ಥಳೀಯ ಬಾವಿಗಳ ದಾಖಲೆ ಇಟ್ಟವರು ಬೇಕಾಗುತ್ತಾರೆ. ನೀರು ಹೊರಹೋದಾಗ ಜೇಡಿ ಪದರ ಹೇಗೆ ಅಡಕಗೊಳ್ಳುತ್ತದೆ ಎಂಬ ಸಿದ್ಧಾಂತವನ್ನು ಕಾರ್ಲ್ ಟೆರ್ಜಾಗಿ 1925ರ ತನ್ನ ಗ್ರಂಥದಲ್ಲಿ ವಿವರಿಸಿದನು. ಆತನು ಜಲವಿಜ್ಞಾನಿಯಲ್ಲ, ಸಿವಿಲ್ ಎಂಜಿನಿಯರ್ ಎಂಬುದು ಇಲ್ಲಿ ಗಮನಾರ್ಹ.

ಸ್ಯಾನ್ ವಾಕೀನ್ ಕಣಿವೆ

ಸಹಯೋಗದ ಪ್ರಸಿದ್ಧ ನಿದರ್ಶನ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆ. 1935ರಲ್ಲಿ ಡೆಲಾನೊ ಪ್ರದೇಶದ ಕುಸಿತದತ್ತ ಮೊದಲು ಗಮನ ಸೆಳೆದವರು ಒಬ್ಬ ಸಲಹಾ ಎಂಜಿನಿಯರ್. ಕೃಷಿಗಾಗಿ ಆಳದ ಬಾವಿಗಳಿಂದ ನೀರೆತ್ತುವುದು ಹೆಚ್ಚಿದಂತೆ ಕುಸಿತ ವ್ಯಾಪಿಸಿತು. ನೀರು ತಾನಾಗಿಯೇ ಹರಿಯುವಂತೆ ಅಲ್ಪ ಇಳಿಜಾರಿನಲ್ಲಿ ಕಟ್ಟುವ ದೊಡ್ಡ ಕಾಲುವೆಗಳಿಗೆ ಇದರಿಂದ ಅಪಾಯ ಒದಗಿದಾಗ, 1954ರಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಇಲಾಖೆಗಳು ಸೇರಿ ಜಂಟಿ ಸಮಿತಿಯೊಂದನ್ನು ರಚಿಸಿದವು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಜೋಸೆಫ್ ಪೋಲೆಂಡ್ ಈ ಸಂಶೋಧನೆಯ ಪ್ರಮುಖರು. ಮೆಂಡೋಟಾ ಬಳಿ ವಿದ್ಯುತ್ ಕಂಬವೊಂದರ ಪಕ್ಕದಲ್ಲಿ ಅವರು ನಿಂತಿರುವ, 1925, 1955 ಮತ್ತು 1977ರ ನೆಲಮಟ್ಟಗಳ ಫಲಕಗಳಿರುವ ಛಾಯಾಚಿತ್ರ ಪ್ರಸಿದ್ಧವಾಗಿದೆ. 1925ರ ಫಲಕ ಅವರ ತಲೆಯಿಂದ ಬಹು ಎತ್ತರದಲ್ಲಿದೆ. ಅಲ್ಲಿನ ಕುಸಿತ ಸುಮಾರು 9 ಮೀಟರ್.

ಅಂತರರಾಷ್ಟ್ರೀಯ ವೇದಿಕೆ

ನೆಲಕುಸಿತದ ಮೊದಲ ಅಂತರರಾಷ್ಟ್ರೀಯ ವಿಚಾರಸಂಕಿರಣ 1969ರಲ್ಲಿ ಟೋಕಿಯೋದಲ್ಲಿ ನಡೆಯಿತು. ಮುಂದೆ ಯುನೆಸ್ಕೋ ಆಶ್ರಯದಲ್ಲಿ ರಚಿತವಾದ ಕಾರ್ಯತಂಡದಲ್ಲಿ ಇಟಲಿ, ಜಪಾನ್, ಮೆಕ್ಸಿಕೊ ಮತ್ತು ಅಮೆರಿಕದ ತಜ್ಞರಿದ್ದರು. ವೆನಿಸ್, ಟೋಕಿಯೋ, ಮೆಕ್ಸಿಕೊ ನಗರಗಳು ಕುಸಿತದ ಕಷ್ಟವನ್ನು ಸ್ವತಃ ಅನುಭವಿಸಿದ್ದುದರಿಂದ ಈ ಆಯ್ಕೆ ಸಹಜವೇ ಆಗಿತ್ತು. ಪೋಲೆಂಡ್ ಸಂಪಾದಿಸಿದ ಇವರ ಕೈಪಿಡಿ 1984ರಲ್ಲಿ ಪ್ರಕಟವಾಯಿತು.

ಜೋಶಿಮಠ

ಭಾರತದಲ್ಲಿ ಈ ವಿಷಯ ಮನೆಮಾತಾದುದು ಉತ್ತರಾಖಂಡದ ಜೋಶಿಮಠದಿಂದ. ಹಳೆಯ ಭೂಕುಸಿತದ ರಾಶಿಯ ಮೇಲೆ ಈ ಪಟ್ಟಣ ನಿಂತಿದೆಯೆಂದು 1976ರಲ್ಲಿಯೇ ಎಂ. ಸಿ. ಮಿಶ್ರಾ ಸಮಿತಿ ತಿಳಿಸಿ, ಭಾರಿ ನಿರ್ಮಾಣಗಳ ವಿರುದ್ಧ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕುಬಿಟ್ಟು, ಕುಟುಂಬಗಳು ಚಳಿಯಲ್ಲಿ ಮನೆ ತೊರೆದವು. ಸ್ಥಳೀಯರು ತಪೋವನ-ವಿಷ್ಣುಗಾಡ್ ಜಲವಿದ್ಯುತ್ ಯೋಜನೆಯ ಸುರಂಗದ ಮೇಲೆ ಸಂಶಯಪಟ್ಟರು. ಯೋಜನೆಯ ಸಂಸ್ಥೆ ಅದನ್ನು ನಿರಾಕರಿಸಿತು.

ಆಗ ಎಂಟು ಸಂಸ್ಥೆಗಳಿಗೆ ಕೆಲಸ ಹಂಚಲಾಯಿತು. ಕಟ್ಟಡಗಳ ಹಾನಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ, ಮಣ್ಣಿನ ಗುಣವನ್ನು ರೂರ್ಕಿ ಐಐಟಿ, ಹಠಾತ್ತನೆ ಚಿಮ್ಮಿದ ನೀರಿನ ಮೂಲವನ್ನು ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ, ಭೂಗರ್ಭದ ರಚನೆಯನ್ನು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಕಂಪನಗಳನ್ನು ವಾಡಿಯಾ ಸಂಸ್ಥೆ ಪರಿಶೀಲಿಸಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಕೇಂದ್ರೀಯ ಅಂತರ್ಜಲ ಮಂಡಳಿ, ಭಾರತೀಯ ದೂರಸಂವೇದಿ ಸಂಸ್ಥೆ ಉಳಿದ ಮೂರು.

ತಜ್ಞರ ಆಯ್ಕೆ ಉಚಿತವೇ ಆಗಿತ್ತು, ಕೊರತೆಯಾದುದು ಮುಕ್ತತೆಯಲ್ಲಿ. ಹನ್ನೆರಡು ದಿನಗಳಲ್ಲಿ 5.4 ಸೆಂ.ಮೀ. ಕುಸಿತವನ್ನು ತೋರಿಸಿದ ಉಪಗ್ರಹ ವರದಿ ಪ್ರಕಟವಾದ ಬೆನ್ನಲ್ಲೇ ಅದನ್ನು ಹಿಂತೆಗೆಯಲಾಯಿತು. ಮಾಧ್ಯಮಗಳೊಂದಿಗೆ ಮಾತನಾಡಬಾರದೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಂಸ್ಥೆಗಳಿಗೆ ಸೂಚಿಸಿತು. ಸಂಸ್ಥೆಗಳ ವರದಿಗಳು ಜನರ ಕೈಸೇರಿದುದು ಉಚ್ಚ ನ್ಯಾಯಾಲಯ ಪ್ರಶ್ನಿಸಿದ ನಂತರ, 2023ರ ಸೆಪ್ಟೆಂಬರ್‌ನಲ್ಲಿ. ಮನೆ ಬಿಟ್ಟವರು ಅಲ್ಲಿಯವರೆಗೆ ತಮ್ಮ ಕಾಲಡಿಯ ನೆಲದ ಬಗ್ಗೆ ತಜ್ಞರಿಗೆ ತಿಳಿದುದನ್ನು ಅರಿಯದೆ ಕಾದಿದ್ದರು.

ಗಣಿ ಪ್ರದೇಶಗಳ ವಿಚಾರದಲ್ಲಿ ಕರ್ನಾಟಕಕ್ಕೂ ಸಂಬಂಧವುಂಟು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ ಆರಂಭವಾಯಿತು. ಗಣಿಯ ಆಳದಲ್ಲಿ ಸಂಭವಿಸುತ್ತಿದ್ದ ಶಿಲಾಸ್ಫೋಟಗಳ ದೀರ್ಘ ಅನುಭವ ಅಲ್ಲಿ ಸಂಚಯವಾಗಿತ್ತು.