ಪಾಸ್‌ವರ್ಡ್ ಕೂಗಿ ಹೇಳಬೇಕೇ ಸ್ವಾಮಿ?

ಕಣ್ಣು ಕಾಣದವರು ಸೈಬರ್ ಸೆಂಟರ್‌ಗೆ ಹೋದರೆ ಏನಾಗುತ್ತೆ? ಬ್ಯಾಂಕಿನ ಪಾಸ್‌ವರ್ಡನ್ನು ನಾಲ್ಕು ಜನರ ಎದುರೇ ಅಂಗಡಿ ಹುಡುಗನಿಗೆ ಹೇಳಬೇಕು. ಆತ ಸಾಚಾ ಆಗಿದ್ದರೆ ಪುಣ್ಯ!

ತಮಾಷೆಯೆಂದರೆ, ಈ ಫಜೀತಿಗೆ ಮದ್ದು ಅದೇ ಯಂತ್ರದ ಹೊಟ್ಟೆಯಲ್ಲಿದೆ. ವಿಂಡೋಸ್ 10, 11 ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಅದುಮಿದರೆ ನರೇಟರ್ ಪರದೆಯಲ್ಲಿರುವುದನ್ನು ಓದತೊಡಗುತ್ತದೆ. ಕನ್ನಡ ಓದಿಸಬೇಕೆ? ಎನ್‌ವಿಡಿಎ ಹಾಕಿಕೊಳ್ಳಿ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಶುರು ಮಾಡಿದ್ದು, ಬಿಡಿಗಾಸಿನ ಖರ್ಚಿಲ್ಲ. ಅದರ ಕನ್ನಡ ಕೊಂಚ ಒರಟು, ಕೇಳ್ತಾ ಕೇಳ್ತಾ ರೂಢಿಯಾಗುತ್ತೆ ಬಿಡಿ.

ಅಜ್ಜನಿಗೆ ಪಿಂಚಣಿ ಅರ್ಜಿಯ ಅಕ್ಷರ ಮಂಜಾದರೆ ವಿಂಡೋಸ್ ಕೀಲಿ ಜೊತೆ ಪ್ಲಸ್ ಒತ್ತಿದರಾಯ್ತು, ಪರದೆ ಹಿಗ್ಗುತ್ತದೆ.

ಒಂದೇ ಕೈಯಲ್ಲಿ ಟೈಪು ಮಾಡುವವರು ಶಿಫ್ಟ್ ಐದು ಸಲ ಒತ್ತಲಿ. ಸ್ಟಿಕಿ ಕೀಸ್ ಬೇಕೇ ಎಂದು ಯಂತ್ರವೇ ಕೇಳುತ್ತದೆ. ಹೂಂ ಅಂದರೆ, ಒಟ್ಟಿಗೆ ಅದುಮಬೇಕಾದ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಬಹುದು. ಆದರೆ ಶಿಫ್ಟ್ ಬಡಿದು ಆಟವಾಡುವ ಹುಡುಗರಿಗೆ ಈ ಪ್ರಶ್ನೆ ಕಿರಿಕಿರಿ. ಅವರಿಗೋಸ್ಕರ ಇದನ್ನು ಬಂದ್ ಮಾಡಿಟ್ಟರೆ ಒಂಟಿ ಕೈಯವರ ಗತಿ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾಹಿತಿ ತಂತ್ರಜ್ಞಾನ ಇವರಿಗೂ ಎಟುಕಬೇಕೆಂದು ಬರೆದಿದೆ. ಗ್ರಂಥಾಲಯದವರೇ, ಸೇವಾ ಕೇಂದ್ರದವರೇ, ದೊಡ್ಡ ಬಜೆಟ್ಟೇನೂ ಬೇಡ. ಬಂದ್ ಮಾಡಿದ್ದನ್ನು ತೆರೆಯಿರಿ, ಪಕ್ಕದಲ್ಲೊಂದು ಹೆಡ್‌ಫೋನ್ ಇಡಿ.