ಪಾಲಿನ ಲೆಕ್ಕಕ್ಕೆ ಕಂಪ್ಯೂಟರ್

ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಕಲಿಯುವ ಮಕ್ಕಳಿದ್ದಾರೆಯೇ? ಹಾಗಾದರೆ ಒಂದು ಸಣ್ಣ ಪ್ರಯೋಗ ಮಾಡಿಸಿ ನೋಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 ಮತ್ತು 0.2 ಕೂಡಿಸಲು ಹೇಳಿ. ಉತ್ತರ 0.3 ಬರಬೇಕಲ್ಲವೇ? ಬರುವುದು 0.30000000000000004!

ಕಂಪ್ಯೂಟರ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಅದು ಎಲ್ಲ ಸಂಖ್ಯೆಗಳನ್ನೂ 0 ಮತ್ತು 1ರಲ್ಲೇ ಬರೆದಿಡುತ್ತದೆ. ಮೂರನೇ ಒಂದನ್ನು ನಾವು 0.3333 ಎಂದು ಎಷ್ಟು ಬರೆದರೂ ಮುಗಿಯದಂತೆ, ಹತ್ತನೇ ಒಂದು ಅದಕ್ಕೆ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಿಬಿಡುತ್ತದೆ. ಸಂತೆಯ ಲೆಕ್ಕಕ್ಕೆ ಇದರಿಂದ ನಷ್ಟವೇನಿಲ್ಲ. ಆದರೆ ವಾರೀಸು ಪಾಲುಗಳೆಲ್ಲ ಸೇರಿ ಸರಿಯಾಗಿ ಒಂದಾಗುತ್ತವೆಯೇ ಎಂದು ತಾಳೆ ನೋಡುವಾಗ ಭಿನ್ನರಾಶಿಯೇ ಬೇಕು.

ಅದಕ್ಕಾಗಿ ಪೈಥಾನ್‌ನಲ್ಲಿ 'ಫ್ರ್ಯಾಕ್ಷನ್ಸ್' ಎಂಬ ಲೈಬ್ರರಿ ಇದೆ. ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಬೇರೆಯವರು ಮೊದಲೇ ಬರೆದಿಟ್ಟ ಸೂಚನೆಗಳ ಕಟ್ಟು. ಅರೆದಿಟ್ಟ ಮಸಾಲೆ ಇದ್ದಂತೆ. ಇದು 2008ರಿಂದ ಪೈಥಾನ್ ಜೊತೆಗೇ ಉಚಿತವಾಗಿ ಬರುತ್ತಿದೆ. ಒಂದು ಸಾಲಿನಲ್ಲಿ ಅದನ್ನು ಕರೆದುಕೊಂಡು, 'ಫ್ರ್ಯಾಕ್ಷನ್' ಎಂದು ಬರೆದು ಆವರಣದೊಳಗೆ 1, 8 ಎಂದು ಕೊಟ್ಟರೆ ಸಾಕು, ಎಂಟನೇ ಒಂದು ಕಿಂಚಿತ್ತೂ ಕೊರೆಯಿಲ್ಲದೆ ಉಳಿಯುತ್ತದೆ.

ಪತಿ ತೀರಿಹೋಗಿ ಪತ್ನಿ, ಒಬ್ಬ ಮಗ, ಒಬ್ಬಳು ಮಗಳು ಉಳಿದಿದ್ದಾರೆ ಎನ್ನೋಣ. ಪತ್ನಿಗೆ 1/8. ಉಳಿದ 7/8ರಲ್ಲಿ ಮಗನಿಗೆ ಎರಡು ಭಾಗ, ಮಗಳಿಗೆ ಒಂದು ಭಾಗ, ಅಂದರೆ 7/12 ಮತ್ತು 7/24. ಮೂರನ್ನೂ ಕೂಡಿಸಿದರೆ ಸರಿಯಾಗಿ 1. ಹನ್ನೆರಡು ಲಕ್ಷ ರೂಪಾಯಿಯಾದರೆ ಮಗಳ ಪಾಲು ಮೂರೂವರೆ ಲಕ್ಷ. "ನಿನಗೆ ಹೆಚ್ಚುಕಡಿಮೆ ಇಷ್ಟು" ಎಂದು ಬಾಯಿಲೆಕ್ಕ ಹೇಳಿ ಸಹಿ ಹಾಕಿಸಿಕೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯೇ? ಅಲ್ಲಿ ಈ ಮೂರು ಸಾಲುಗಳು ಉಪಯೋಗಕ್ಕೆ ಬರುತ್ತವೆ.

ಇಂಥ ಲೆಕ್ಕ ನಮಗೆ ಹೊಸತೇನಲ್ಲ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಖವಾರಿಝ್ಮಿ ಬರೆದ ಬೀಜಗಣಿತ ಗ್ರಂಥದಲ್ಲಿ ದೊಡ್ಡದೊಂದು ಭಾಗ ವಾರೀಸು ಲೆಕ್ಕಗಳದ್ದೇ. ಇಂದು ಕಂಪ್ಯೂಟರ್ ಕಲಿಯುವವರ ಬಾಯಲ್ಲಿ ನಿತ್ಯ ಕೇಳುವ 'ಅಲ್ಗಾರಿದಮ್' ಎಂಬ ಪದ ಅವರ ಹೆಸರಿನಿಂದಲೇ ಬಂದದ್ದು.

ಆದರೆ ಯಾರು ವಾರೀಸುದಾರರು, ಮೃತರ ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆ ಎಷ್ಟು ಉಳಿಯಿತು ಎಂಬುದು ಲೈಬ್ರರಿಗೆ ಗೊತ್ತಿಲ್ಲ. ಅದನ್ನು ಬಲ್ಲ ವಿದ್ವಾಂಸರಲ್ಲೇ ಕೇಳಬೇಕು. ಪತ್ನಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಇರುವ ಕುಟುಂಬವನ್ನೇ ತೆಗೆದುಕೊಳ್ಳಿ. 1/8, 2/3, 1/6, 1/6 ಕೂಡಿಸಿದರೆ ಲೈಬ್ರರಿ 9/8 ಎನ್ನುತ್ತದೆ. ಇರುವ ಆಸ್ತಿಗಿಂತ ಪಾಲುಗಳೇ ಹೆಚ್ಚು! ಕಂಪ್ಯೂಟರ್ ಅಲ್ಲಿಗೆ ಸುಮ್ಮನಾಗುತ್ತದೆ. ಇದಕ್ಕೆ 'ಔಲ್' ಎಂಬ ನಿಯಮವಿದೆ. ನಾಲ್ಕೂ ಮದ್ಹಬ್‌ಗಳ ಪ್ರಕಾರ ಆಸ್ತಿಯನ್ನು 24ರ ಬದಲು 27 ಭಾಗ ಮಾಡಿ ಎಲ್ಲರ ಪಾಲನ್ನೂ ಒಂದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಆಗ 27 ಲಕ್ಷದಲ್ಲಿ ಪತ್ನಿಗೆ 3 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 8 ಲಕ್ಷ, ತಂದೆ ತಾಯಿಗೆ ತಲಾ 4 ಲಕ್ಷ.