ತಾಳ ಮೊದಲು, ಹೆಜ್ಜೆ ಆಮೇಲೆ

ಜೂನ್ ತಿಂಗಳ ಒಂದು ಸಂಜೆ. ಮಡಿಕೇರಿಯಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಹಳೆಯ ಸಭಾಂಗಣವೊಂದರಲ್ಲಿ ಹನ್ನೆರಡು ಹೆಣ್ಣುಮಕ್ಕಳು ಬರಿಗಾಲಲ್ಲಿ ಸುತ್ತ ನಿಂತಿದ್ದರು. ನಾನು ಹೋಗಿ ಕುಳಿತು ಅರ್ಧ ಗಂಟೆಯಾದರೂ ಯಾರೂ ಒಂದು ಹೆಜ್ಜೆ ಇಟ್ಟಿರಲಿಲ್ಲ. ಕಲಿಸುತ್ತಿದ್ದ ಅಕ್ಕ ಅಷ್ಟು ಹೊತ್ತೂ ತಾಳ ಹಿಡಿಯುವುದನ್ನೇ ಹೇಳಿಕೊಡುತ್ತಿದ್ದರು.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ತಾಳ ಅದು. ಬಟ್ಟಲಿನಂಥ ಎರಡು ಬಿಲ್ಲೆ, ನಡುವಿನ ತೂತಿನಲ್ಲಿ ಪೋಣಿಸಿದ ದಾರ. ಹೊಸದಾಗಿ ಕಲಿಯುವ ಮಗು ಬಿಲ್ಲೆಯನ್ನೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತದೆ. ನಾದ ಕೈಯೊಳಗೇ ಸತ್ತುಹೋಗುತ್ತದೆ. ಎರಡನ್ನೂ ನೇರಾನೇರ ಒಂದರ ಮೇಲೊಂದು ಬಡಿದರೆ ನಡುವೆ ಗಾಳಿ ಸಿಕ್ಕಿಕೊಂಡು ‘ಟಪ್’ ಎನ್ನುತ್ತದೆ. ದಾರ ಹಿಡಿದು, ಒಂದರ ಅಂಚು ಇನ್ನೊಂದರ ಅಂಚಿಗೆ ಓರೆಯಾಗಿ ತಾಗಿದಾಗ ಮಾತ್ರ ಆ ಉದ್ದನೆಯ ‘ಝಣ್’ ಹೊರಡುತ್ತದೆ. ‘ಅಂಚು ಕುಂಞಿ, ಅಂಚು’ ಎನ್ನುತ್ತ ಅಕ್ಕ ಒಬ್ಬೊಬ್ಬರ ಮಣಿಕಟ್ಟನ್ನೂ ಹಿಡಿದು ತಿರುಗಿಸಿ ತೋರಿಸುತ್ತಿದ್ದರು. ಹನ್ನೆರಡು ಜೋಡಿಯೂ ಒಂದೇ ದನಿಯಾಗಿ ಕೇಳಿಸಿದ ಮೇಲೆ ‘ಈಗ ಕಾಲು’ ಎಂದರು.

ಕೊಡವ ಹೆಣ್ಣುಮಕ್ಕಳ ಉಮ್ಮತ್ತಾಟ್ ಕಲಿಕೆ ಶುರುವಾಗುವುದು ಹೀಗೆ. ವೇದಿಕೆಯ ಮೇಲೆ ಅದನ್ನು ಕಂಡವರು ಬಹಳ ಮಂದಿ. ಹಿಂಬದಿಗೆ ನೆರಿಗೆ ಹಿಡಿದು, ಸೆರಗನ್ನು ಎಡತೋಳಿನ ಕೆಳಗಿಂದ ತಂದು ಬಲಭುಜಕ್ಕೆ ಸಿಕ್ಕಿಸಿದ ಸೀರೆ, ತಲೆಗೆ ಕಟ್ಟಿದ ವಸ್ತ್ರ, ಕತ್ತಿನಲ್ಲಿ ಜೋಮಾಲೆ, ಕೊಕ್ಕೆತಾತಿ. ನಡುವೆ ನೀರು ತುಂಬಿದ ಕುಂಭ ಹಿಡಿದು ಒಬ್ಬಾಕೆ ನಿಲ್ಲುತ್ತಾಳೆ. ಅವಳೇ ಕಾವೇರಿ. ಸುತ್ತಲಿನವರು ನಡುಬಗ್ಗಿಸಿ ನೆಲದ ಹತ್ತಿರ ಒಮ್ಮೆ ತಾಳ ತಟ್ಟಿ, ಮೇಲೆದ್ದು ಎದೆಯ ಮಟ್ಟದಲ್ಲಿ ಇನ್ನೊಮ್ಮೆ ತಟ್ಟಿ, ಎಡಕ್ಕೂ ಬಲಕ್ಕೂ ತೂಗುತ್ತ ಸುತ್ತುತ್ತಾರೆ. ಸೀರೆಯ ನೆರಿಗೆ ಹಿಂದಕ್ಕೆ ಹೋದದ್ದಕ್ಕೂ ಕಾವೇರಿಯದೇ ಕಥೆಯಿದೆ: ಅಗಸ್ತ್ಯರ ಕಮಂಡಲುವಿನಿಂದ ಹೊರಟ ನದಿಯನ್ನು ಬಲಮುರಿಯಲ್ಲಿ ತಡೆಯಲು ಹೋದ ಹೆಂಗಸರ ಸೀರೆಯ ನೆರಿಗೆ ಆ ರಭಸಕ್ಕೆ ಹಿಂದಕ್ಕೆ ಸರಿಯಿತಂತೆ. ಕುಂಭ ಹೊತ್ತವಳ ಸುತ್ತ ಆ ಸೀರೆಯವರೇ ಸುತ್ತುವುದನ್ನು ನೋಡುವಾಗ ಕಥೆ, ಉಡುಗೆ, ಕುಣಿತ ಮೂರೂ ಒಂದೇ ನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತವೆ.

ಉಮ್ಮತ್ತಾಟ್ ಕುಣಿಯುವವಳು ತನ್ನ ಕುಣಿತಕ್ಕೆ ತಾನೇ ವಾದ್ಯಗಾರ್ತಿ ಕೂಡ. ಕಣ್ಣು ಮೊದಲು ಸೀರೆ, ಒಡವೆಗಳತ್ತ ಹೋಗುವುದರಿಂದ ಇದು ಬೇಗ ಗಮನಕ್ಕೆ ಬರುವುದಿಲ್ಲ. ಬದಿಯಲ್ಲಿ ದುಡಿ ಹಿಡಿದು ಹಾಡುವವರು ಇರುತ್ತಾರೆ, ನಿಜ. ಆದರೆ ಹೆಜ್ಜೆಗೂ ಹೆಜ್ಜೆಗೂ ನಡುವೆ ಎಷ್ಟು ತಡೆಯಬೇಕು, ಎಲ್ಲಿ ಬಗ್ಗಬೇಕು ಎಂಬುದನ್ನು ತೀರ್ಮಾನಿಸುವುದು ಅವಳ ಕೈಯ ತಾಳ. ಹನ್ನೆರಡು ಜನರಲ್ಲಿ ಒಬ್ಬಳು ಅರ್ಧ ಗಳಿಗೆ ತಪ್ಪಿದರೂ ಕಣ್ಣಿಗೆ ಕಾಣುವ ಮುಂಚೆ ಕಿವಿಗೆ ಗೊತ್ತಾಗುತ್ತದೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ಹಾಕಿ ನಿಂತು ಕಲಿಸುತ್ತಿದ್ದದ್ದು ಏಕೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ಕುಣಿತವನ್ನು ಕೇಳಿಸಿಕೊಳ್ಳುತ್ತಿದ್ದರು.

ಇಂಥ ಕಲಿಸುವವರ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಐಮುಡಿಯಂಡ ರಾಣಿ ಮಾಚಯ್ಯ ಅವರದು. ಮಡಿಕೇರಿಯ ಈ ಹಿರಿಯ ಕಲಾವಿದೆಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕೊಡಗಿನ ಹೊರಗಿನ ಎಷ್ಟೋ ಕನ್ನಡಿಗರು ಉಮ್ಮತ್ತಾಟ್ ಎಂಬ ಪದವನ್ನು ಮೊದಲ ಸಲ ಕೇಳಿದರು. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷೆಯಾಗಿಯೂ ಕೆಲಸ ಮಾಡಿದ ಅವರು ತಂಡ ಕಟ್ಟಿ, ದಶಕಗಳ ಕಾಲ ಹೆಣ್ಣುಮಕ್ಕಳನ್ನು ತಯಾರು ಮಾಡಿ, ಊರಿನ ಅಂಗಳದ ಕುಣಿತವನ್ನು ನಾಡಿನಾಚೆಯ ವೇದಿಕೆಗಳಿಗೆ ಒಯ್ದವರು. ಅದೇ ವರ್ಷದ ಪದ್ಮ ಪಟ್ಟಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರ ಹೆಸರೂ ಇತ್ತು; ತಬಲಾ ಮಾಂತ್ರಿಕ ಜಾಕಿರ್ ಹುಸೇನ್ ಅವರಿಗೆ ಪದ್ಮವಿಭೂಷಣವೂ ಬಂತು. ಒಂದೇ ಪಟ್ಟಿಯಲ್ಲಿ ತಬಲಾ, ತಮಟೆ, ತಾಳ. ಲಯವನ್ನೇ ಬದುಕು ಮಾಡಿಕೊಂಡ ಮೂವರಿಗೆ ಒಟ್ಟಿಗೇ ಮರ್ಯಾದೆ ಸಂದ ಆ ವರ್ಷ ನನಗೆ ವಿಶೇಷವಾಗಿ ನೆನಪಿದೆ.

ಪ್ರಶಸ್ತಿ ಬಂದದ್ದು ಒಬ್ಬರಿಗೆ. ಆದರೆ ಒಬ್ಬರೇ ಆಡಿ ತೋರಿಸಬಹುದಾದ ಕಲೆ ಇದಲ್ಲ. ಭರತನಾಟ್ಯದಲ್ಲಿ ಶಿಷ್ಯೆಯ ರಂಗಪ್ರವೇಶ ಆಗುತ್ತದೆ, ಅವಳ ಹೆಸರು ಆಮಂತ್ರಣದಲ್ಲಿ ಅಚ್ಚಾಗುತ್ತದೆ. ಉಮ್ಮತ್ತಾಟ್ ಕಲಿತ ಹುಡುಗಿಗೆ ಅಂಥ ದಿನ ಇಲ್ಲ. ಅವಳು ಸುತ್ತಿನೊಳಗೆ ಒಬ್ಬಳಾಗಿ ಸೇರಿಹೋಗುತ್ತಾಳೆ. ಆದ್ದರಿಂದ ಇಲ್ಲಿ ಗುರುವಿನ ಸಾಧನೆಯನ್ನು ಅಳೆಯಲು ಶಿಷ್ಯೆಯರ ಹೆಸರಿನ ಪಟ್ಟಿ ಸಾಲದು. ಸುತ್ತು ಒಡೆಯದೆ ತಿರುಗುತ್ತಿದೆಯೇ ಎಂದು ನೋಡಬೇಕು.

ಮೈಯನ್ನೇ ವಾದ್ಯ ಮಾಡಿಕೊಂಡ ಕುಣಿತ ಎಂದಾಗ ಹೊರಗಿನ ಲೋಕದಲ್ಲಿ ಥಟ್ಟನೆ ನೆನಪಾಗುವುದು ಅಮೆರಿಕದ ಟ್ಯಾಪ್ ನೃತ್ಯ. ಅಲ್ಲಿ ತಾಳ ಇರುವುದು ಶೂಗಳ ಅಡಿಯಲ್ಲಿ, ಲೋಹದ ತಗಡಾಗಿ. ಅದರ ಹಿಂದಿನ ಕಥೆ ಸಂಕಟದ್ದು. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ದಂಗೆಯೆದ್ದರು. ಮರುವರ್ಷ ಬಂದ ಕಾನೂನು ಅವರಿಗೆ ಡೋಲು ಬಾರಿಸುವುದನ್ನೇ ನಿಷೇಧಿಸಿತು. ಡೋಲು ಹೋದರೂ ಲಯ ಹೋಗಲಿಲ್ಲ. ಆಫ್ರಿಕಾದಿಂದ ಬಂದವರ ಆ ಲಯ ಅಂಗೈಗೆ, ತೊಡೆಗೆ, ಪಾದಕ್ಕೆ ಇಳಿಯಿತು. ಐರ್ಲೆಂಡ್ ಮತ್ತು ಇಂಗ್ಲೆಂಡಿನಿಂದ ವಲಸೆ ಬಂದವರ ಕಾಲ್ಕುಣಿತಗಳ ಜೊತೆ ಬೆರೆತು ಮುಂದೆ ಟ್ಯಾಪ್ ಆಯಿತು. ಮೆಟ್ಟಿಲುಗಳನ್ನೇ ವಾದ್ಯ ಮಾಡಿಕೊಂಡು ಹತ್ತಿ ಇಳಿದು ಕುಣಿಯುತ್ತಿದ್ದ ಬಿಲ್ ರಾಬಿನ್ಸನ್ ಹುಟ್ಟಿದ್ದು 1878ರ ಮೇ 25ರಂದು. 1989ರಿಂದ ಆ ದಿನ ಅಮೆರಿಕದಲ್ಲಿ ಟ್ಯಾಪ್ ನೃತ್ಯ ದಿನ. ಗ್ರೆಗರಿ ಹೈನ್ಸ್ ಅಂಥವರನ್ನು ಬೆಳೆಸಿದ ಹೆನ್ರಿ ಲೆಟಾಂಗ್ ಹೆಸರನ್ನು ಅಲ್ಲಿನವರು ಗುರುವೆಂದು ಇಂದಿಗೂ ನೆನೆಯುತ್ತಾರೆ. ಟ್ಯಾಪ್ ಕಲಾವಿದರು ಸೇರಿದಲ್ಲಿ ಕೊನೆಗೆ ಗುರು, ಶಿಷ್ಯ, ಹಿರಿಯ, ಕಿರಿಯ ಎನ್ನದೆ ಎಲ್ಲರೂ ಸಾಲಾಗಿ ನಿಂತು ‘ಶಿಮ್ ಶ್ಯಾಮ್’ ಎಂಬ ಒಂದೇ ಕುಣಿತ ಕುಣಿಯುವ ವಾಡಿಕೆಯಿದೆ.

ಆ ವಾಡಿಕೆಯ ಬಗ್ಗೆ ತಿಳಿದಾಗ ನನಗೆ ನೆನಪಾದದ್ದು ಕೊಡವ ಮದುವೆಯ ವಾಲಗ. ಶಾಸ್ತ್ರಗಳು ಮುಗಿದ ಮೇಲೆ ವಾಲಗದವರು ಲಯ ಏರಿಸುತ್ತಾರೆ. ಎಪ್ಪತ್ತು ದಾಟಿದ ಅಜ್ಜ ಕುಪ್ಯವೆಂಬ ಉದ್ದಂಗಿಯ ಮೇಲೆ ನಡುವಿಗೆ ಸುತ್ತಿದ ಚೇಲೆಯನ್ನು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ. ಬೆಂಗಳೂರಿನಿಂದ ಬಂದ ಮೊಮ್ಮಗ ಫೋನ್ ಜೇಬಿಗಿಳಿಸಿ ಪಕ್ಕದಲ್ಲಿ ನಿಲ್ಲುತ್ತಾನೆ. ಕೈ ಮೇಲೆತ್ತಿ, ಮಂಡಿ ಸ್ವಲ್ಪ ಬಗ್ಗಿಸಿ ಇಡುವ ಆ ಹೆಜ್ಜೆಯನ್ನು ಯಾರೂ ತರಗತಿಗೆ ಹೋಗಿ ಕಲಿತಿರುವುದಿಲ್ಲ. ಕಾಲು ಎಡವಿದವರನ್ನು ಯಾರೂ ತಡೆಯುವುದೂ ಇಲ್ಲ.

ಗಂಡಸರ ಕುಣಿತಗಳ ಶಾಲೆ ಮಂದ್. ಊರಿನ ಮರಗಳ ನಡುವೆ ಬಿಟ್ಟ ಹಸಿರು ಬಯಲು ಅದು. ಊರ್ ಮಂದ್, ನಾಡ್ ಮಂದ್ ಎಂದು ಅದಕ್ಕೆ ಅಂತಸ್ತುಗಳಿವೆ. ನವೆಂಬರ್ ಕೊನೆಯಲ್ಲೋ ಡಿಸೆಂಬರಿನಲ್ಲೋ ಸುಗ್ಗಿ ಹಬ್ಬ ಪುತ್ತರಿ ಬಂದು, ರಾತ್ರಿ ಬೆಳದಿಂಗಳಲ್ಲಿ ಗದ್ದೆಯಿಂದ ಕದಿರು ಮನೆಗೆ ಬಂದ ಮೇಲೆ ಮಂದ್‌ಗಳಲ್ಲಿ ಕೋಲಾಟ್ ಶುರು. ಉರಿಯುವ ದೀಪದ ಸುತ್ತ ಕೈಯಲ್ಲಿ ಚವರಿ ಬೀಸುತ್ತ ಆಡುವುದು ಬೊಳಕಾಟ್. ಒಡಿಕತ್ತಿ ಹಿಡಿದರೆ ಕತ್ತಿಯಾಟ್. ನವಿಲುಗರಿ ಹಿಡಿದು ದೇವಸ್ಥಾನದ ಮುಂದೆ ಆಡುವುದು ಪೀಲಿಯಾಟ್.

ಇವುಗಳ ನಡುವೆ ಪರೆಯಕಳಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಇಬ್ಬರು ಎದುರುಬದುರು; ಒಬ್ಬನ ಕೈಯಲ್ಲಿ ಬೆತ್ತ, ಇನ್ನೊಬ್ಬನಿಗೆ ಆಸರೆಯಾಗಿ ಬೆತ್ತದ್ದೇ ಗುರಾಣಿ. ಏಟು ಮೊಣಕಾಲಿನ ಕೆಳಗೆ ಮಾತ್ರ ಬೀಳಬೇಕು. ಹೊಡೆಸಿಕೊಳ್ಳುವವನು ಕುಣಿಯುತ್ತಲೇ ತಪ್ಪಿಸಿಕೊಳ್ಳಬೇಕು. ಹೊರಗಿನವರಿಗೆ ಕಾದಾಟದಂತೆ ಕಾಣುವ ಇದರಲ್ಲಿ ಲಯ ಬಿಟ್ಟವನಿಗೆ ಏಟು ಖಚಿತ. ಮುಂದಿನ ಕ್ಷಣದಲ್ಲಿ ಕಾಲು ಎಲ್ಲಿರಬೇಕೆಂದು ಮೊದಲೇ ಲೆಕ್ಕ ಹಾಕುವುದನ್ನು ಕಲಿಸಲು ಇದಕ್ಕಿಂತ ನೇರವಾದ ಪಾಠ ನಾನಂತೂ ನೋಡಿಲ್ಲ.

ಕುಣಿತದಷ್ಟೇ ಕಷ್ಟದ ವಿದ್ಯೆ ಹಾಡುಗಾರರದು. ದುಡಿ ಎಂದರೆ ನಡು ಸಣ್ಣಗಾದ ಪುಟ್ಟ ಚರ್ಮವಾದ್ಯ. ಎಡಗೈಯಲ್ಲಿ ಹಿಡಿದು ಬಲಗೈಯ ಸಣ್ಣ ಕೋಲಿನಿಂದ ಬಾರಿಸುತ್ತಾರೆ. ಸಾಮಾನ್ಯವಾಗಿ ನಾಲ್ವರು ಕೂಡಿ, ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತ ಬಾಳೋಪಾಟ್ ಹೇಳುತ್ತಾರೆ. ಹಬ್ಬಕ್ಕೆ ಒಂದು, ಮದುವೆಗೆ ಒಂದು, ಸಾವಿಗೂ ಒಂದು. ಸಂದರ್ಭ ನೋಡಿ, ಮನೆತನದ ಹೆಸರು, ಊರಿನ ಹೆಸರು ಸೇರಿಸಿ ಹಾಡು ಬೆಳೆಸುವ ಹಿರಿಯರನ್ನು ನಾನು ಕೇಳಿದ್ದೇನೆ. ಒಂದೇ ದನಿಯಲ್ಲಿ ಗಂಟೆಗಟ್ಟಲೆ ಹೋಗುವ ಆ ಹಾಡು ಮೊದಲ ಸಲ ಕೇಳಿದವರಿಗೆ ಏಕತಾನವೆನಿಸಬಹುದು. ಕುಣಿಯುವವರಿಗೆ ಬೇಕಾದ್ದು ಮಾತ್ರ ಆ ಏಕತಾನವೇ. ಅದು ಕದಲದೆ ನಿಂತಿದ್ದರೆ ತಾನೇ ಕಾಲು ಆಟವಾಡಲು ಸಾಧ್ಯ!

ಈ ಹಾಡುಗಳು ನಮ್ಮ ಕೈಗೆ ಉಳಿದು ಬಂದದ್ದಕ್ಕೆ ನಡಿಕೇರಿಯಂಡ ಚಿಣ್ಣಪ್ಪ ಅವರಿಗೆ ಎಷ್ಟು ಕೃತಜ್ಞರಾದರೂ ಕಡಿಮೆಯೇ. ಪೊಲೀಸ್ ಇಲಾಖೆಯಲ್ಲಿದ್ದ ಅವರು ಊರೂರಿನ ಹಾಡುಗಾರರಿಂದ ಕೇಳಿ ಬರೆದುಕೊಂಡದ್ದನ್ನು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಹೊರತಂದರು. ಕೊಡವ ಭಾಷೆಯ ಹಾಡು, ಕನ್ನಡ ಲಿಪಿ, ಪದ್ಧತಿಗಳ ವಿವರಣೆ ಕನ್ನಡದಲ್ಲಿ. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ತಾಯ್ನುಡಿ ಎಂದವರು 1,13,857 ಮಂದಿ. ಯುನೆಸ್ಕೊ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ನಗರದಲ್ಲಿ ಹುಟ್ಟಿ, ಮನೆಯಲ್ಲಿ ಇಂಗ್ಲಿಷ್ ಆಡಿ ಬೆಳೆದ ಹುಡುಗಿ ಉಮ್ಮತ್ತಾಟ್ ಕಲಿಯಲು ಬಂದಾಗ ಹಾಡಿನ ಮೂಲಕವೇ ಭಾಷೆಯೂ ಅವಳ ನಾಲಗೆಗೆ ಬರುತ್ತದೆ. ನಾನು ನೋಡಿದ ತರಗತಿಯಲ್ಲಿ ಪ್ರತಿ ಸಾಲನ್ನೂ ಮೊದಲು ಮಾತಿನಂತೆ ಹೇಳಿಸಿ, ಅರ್ಥ ಕೇಳಿ, ಆಮೇಲೆ ಹಾಡಿಸುತ್ತಿದ್ದರು. ನೃತ್ಯದ ತರಗತಿ ಎಂದು ಸೇರಿಸಿದ ತಾಯಂದಿರಿಗೆ ಭಾಷೆಯ ತರಗತಿಯೂ ಸಿಕ್ಕಿತ್ತು.

ಇನ್ನೊಂದು ಮಾತನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಮದುವೆ, ಹಬ್ಬಗಳ ಕೊಂಬು, ಕೊಟ್ಟು, ವಾಲಗಗಳನ್ನು ತಲೆಮಾರುಗಳಿಂದ ನುಡಿಸಿಕೊಂಡು ಬಂದವರು ಮೇದರು, ಕೆಂಬಟ್ಟಿಯವರು. ಅವರಿಲ್ಲದೆ ಕೊಡಗಿನಲ್ಲಿ ಒಂದು ಹೆಜ್ಜೆಯೂ ಎದ್ದಿಲ್ಲ. ಫೋಟೊಗಳಲ್ಲಿ ಕುಣಿಯುವವರು ನಡುವೆ, ನುಡಿಸುವವರು ಅಂಚಿನಲ್ಲಿ, ಎಷ್ಟೋ ಸಲ ಚೌಕಟ್ಟಿನ ಹೊರಗೆ. ಕೊಂಬು ಊದುವ ಹಿರಿಯರೊಬ್ಬರು ‘ಮಗ ಕಾಫಿ ತೋಟದ ಕೆಲಸಕ್ಕೆ ಹೋಗ್ತಾನೆ, ಇದಕ್ಕೆ ಬರಲ್ಲ’ ಎಂದದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಹೆಜ್ಜೆ ಕಲಿಸುವವರಿಗೆ ಸಿಗಬೇಕಾದ ಗೌರವ, ಸಂಭಾವನೆ, ಕಲಿಸುವ ಅವಕಾಶ ಈ ಮನೆಗಳಿಗೂ ಸಿಗಬೇಕು. ಅವರ ಕೊಂಬಿನ ಬದಲು ಪೆನ್ ಡ್ರೈವ್ ಬಂದರೆ ಕುಣಿಯುವವರ ಕಾಲಿಗೂ ಅದರ ಪೆಟ್ಟು ತಟ್ಟದೆ ಇರದು.

ಪೆನ್ ಡ್ರೈವ್ ಈಗಾಗಲೇ ಬಂದಿದೆ. ಉದ್ಘಾಟನೆ, ಸನ್ಮಾನ, ಸ್ಪರ್ಧೆ ಎಲ್ಲೆಡೆ ಉಮ್ಮತ್ತಾಟ್‌ಗೆ ಐದಾರು ನಿಮಿಷ. ಪ್ರೇಕ್ಷಕರು ಒಂದೇ ಕಡೆ ಕುಳಿತಿರುವುದರಿಂದ ಸುತ್ತನ್ನು ಬಿಡಿಸಿ ಅರ್ಧಚಂದ್ರ ಮಾಡಿ ಎಂಬ ಸೂಚನೆ. ವೇದಿಕೆಯನ್ನು ದೂರುವುದು ನನಗೆ ಇಷ್ಟವಿಲ್ಲ. ಅದು ಇಲ್ಲದಿದ್ದರೆ ಈ ಕುಣಿತ ನಾಡಿನಾಚೆಗೆ ಹೋಗುತ್ತಿರಲಿಲ್ಲ. ಆದರೆ ರೆಕಾರ್ಡಿಗೆ ಕುಣಿಯುವ ತಂಡದ ತಾಳ ಬರೀ ಅಲಂಕಾರವಾಗುತ್ತದೆ. ಮೈಕಿನ ಸದ್ದಿನಲ್ಲಿ ಒಬ್ಬಳು ತಪ್ಪಿದ್ದು ಪಕ್ಕದವಳಿಗೇ ಕೇಳಿಸುವುದಿಲ್ಲ. ಆ ಸಂಜೆ ಅಕ್ಕನನ್ನು ಇದೇ ಕೇಳಿದೆ. ‘ಸ್ಟೇಜಿಗೆ ಅವರು ಹೇಳಿದ ಹಾಗೆ ಮಾಡ್ತೇವೆ. ಇಲ್ಲಿ ಮಾತ್ರ ರೆಕಾರ್ಡ್ ಹಾಕೋದಿಲ್ಲ’ ಎಂದರು. ಇಲ್ಲಿ ಅಂದರೆ ಆ ಸೋರುವ ಸಭಾಂಗಣ.

ಏಳು ಗಂಟೆಗೆ ತರಗತಿ ಮುಗಿಯಿತು. ಅಕ್ಕ ತಾಳಗಳನ್ನು ಎಣಿಸಿ ತೆಗೆದುಕೊಂಡು, ಬೆವರು ಒರೆಸಿ, ಜೋಡಿ ತಪ್ಪದಂತೆ ಬಟ್ಟೆಯಲ್ಲಿ ಸುತ್ತಿಟ್ಟರು. ಹೊರಗೆ ಜಗಲಿಯಲ್ಲಿ ಇಬ್ಬರು ಹುಡುಗಿಯರು ಕೊಡೆ ಮಡಚಿಕೊಂಡು ಕಾರಿಗಾಗಿ ಕಾಯುತ್ತಿದ್ದರು. ದೊಡ್ಡವಳು ಬರಿಗೈಯಲ್ಲೇ ತಾಳ ತಟ್ಟುತ್ತ ಹಾಡಿನ ಸಾಲು ಗುನುಗುತ್ತಿದ್ದಳು. ಚಿಕ್ಕವಳು ಅವಳ ಮಣಿಕಟ್ಟು ಹಿಡಿದು ಸ್ವಲ್ಪ ಓರೆ ಮಾಡಿದಳು.